ನಮ್ಮ ಹೊಂಡಕ್ಕೆ ಯಾವ ಮೀನು?



ಹೋದ ಶ್ರಾವಣದಲ್ಲಿ ಕುಂದಗೋಳ ತಾಲೂಕಿನ ಒಂದು ಊರಿನಲ್ಲಿ ಸಂಘದ ಸಭೆ ಮುಗಿಸಿ ಏಳುವಾಗ ಒಬ್ಬ ಅಕ್ಕ ನನ್ನನ್ನು ತಡೆದು ಕೇಳಿದಳು: “ಸಿಸ್ಟರ್, ಹೊಲದಾಗ ಹೊಂಡ ತೋಡಿಸಿ ಎರಡು ವರ್ಷ ಆತ್ರಿ. ಈ ಸಲ ನೀರೂ ಚಲೋ ನಿಂತೈತಿ. ಯಾವ ಮೀನ ಬಿಡಬೇಕು ಹೇಳ್ರಿ, ಈ ವಾರನ ಬಿಟ್ಟಬಿಡ್ತೀವಿ.”

ನಾನು ತಿರುಗಿ ಕೇಳಿದೆ: “ಹೋದ ಏಪ್ರಿಲ್ ತಿಂಗಳದಾಗ ಆ ಹೊಂಡದಾಗ ಎಷ್ಟು ನೀರಿತ್ತವಾ?”

ಆಕೆ ಬಾಜೂಕ ಕುಳಿತಿದ್ದ ನೆಗೆಣ್ಣಿಯ ಮುಖ ನೋಡಿದಳು. “ತಳಾ ಕಾಣತಿತ್ರಿ” ಎಂದಳು ನೆಗೆಣ್ಣಿ.

ಈ ಪ್ರಶ್ನೆ ಈಗ ಬಹಳ ಸಂಘಗಳಲ್ಲಿ ಬರುತ್ತಿದೆ. 2014ರಲ್ಲಿ ರಾಜ್ಯ ಸರಕಾರದ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ನಮ್ಮ ಭಾಗದ ಹೊಲಗಳಲ್ಲಿ ಹೊಂಡಗಳು ಬಹಳ ಆದವು. ನವಲಗುಂದ ಕಡೆ ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್‌ದವರೂ ದೊಡ್ಡ ದೊಡ್ಡ ಹೊಂಡಗಳನ್ನು ತೋಡಿಸಿದ್ದಾರೆ. ಹೊಂಡದಲ್ಲಿ ನೀರು ಕಂಡ ಕೂಡಲೇ ಮೀನಿನ ಯೋಚನೆ ಬರುವುದು ಸಹಜ. ಆದರೆ ನಾವು “ಯಾವ ಮೀನು?” ಎಂದು ಮೊದಲು ಕೇಳುತ್ತೇವೆ, “ಎಷ್ಟು ತಿಂಗಳ ನೀರು?” ಎಂದು ಕೇಳುವುದೇ ಇಲ್ಲ. ಈ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದಕ್ಕೆ ಅರ್ಧ ಉತ್ತರ ಸಿಕ್ಕಂತೆಯೇ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು. ಕೆಲವು ವರ್ಷಗಳ ಹಿಂದೆ ನವಲಗುಂದ ತಾಲೂಕಿನ ಒಂದು ಸಂಘದ ಐದು ಜನ ಹೆಣ್ಣುಮಕ್ಕಳು ಸಂಘದ ಸಾಲ ತೆಗೆದು ಮೀನು ಬಿಟ್ಟರು. ಅವರು ನನ್ನನ್ನು ಕೇಳಿಯೇ ಬಿಟ್ಟಿದ್ದರು. “ಯಾವ ಗೆಂಡೆ ಆದರೂ ನಡೀತೈತಿ” ಎಂದು ನಾನು ಹಗುರಾಗಿ ಹೇಳಿಬಿಟ್ಟಿದ್ದೆ. ವ್ಯಾನಿನಲ್ಲಿ ಮರಿ ತಂದವನು ಎರಡು ಸಾವಿರ ಮರಿ ಕೊಟ್ಟು ಹೋದ. ಹೊಂಡ ಹದಿನೈದು ಮೀಟರ್ ಉದ್ದ, ಹದಿನೈದು ಮೀಟರ್ ಅಗಲದ್ದು. ಮರಿಗಳು ಜೀರಿಗೆಯಂತೆ ಸಣ್ಣವು. ಹಿಂಗಾರಿಗೆ ಕಡಲೆಗೆ ಎರಡು ಸಲ ನೀರು ಎತ್ತಿದರು. ಫೆಬ್ರವರಿಗೆ ಹೊಂಡ ಮೊಳಕಾಲ ಮಟ್ಟಕ್ಕೆ ಬಂತು. ಬಲೆ ಹಾಕಿದಾಗ ಸಿಕ್ಕಿದ್ದು ಅಂಗೈ ಅಗಲದ ಮೀನು, ಅದೂ ಒಂದು ಬುಟ್ಟಿ ತುಂಬಲಿಲ್ಲ. ಸಂತೆಯಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಸಾಲ ಮಾತ್ರ ಉಳಿಯಿತು, ಅದನ್ನು ಅವರು ಮೆಣಸಿನಕಾಯಿ ಬಿಡಿಸುವ ಕೂಲಿಯಿಂದ ತೀರಿಸಿದರು. ಅದರಲ್ಲಿ ಒಬ್ಬಳು ಇಂದಿಗೂ ನನ್ನನ್ನು ಕಂಡರೆ “ಸಿಸ್ಟರ್, ಮೀನಿನ ಸುದ್ದಿ ಒಂದು ಬಿಟ್ಟು ಬ್ಯಾರೆ ಹೇಳ್ರಿ” ಎಂದು ನಗುತ್ತಾಳೆ. ನಗುವುದು ಆಕೆಯ ದೊಡ್ಡ ಗುಣ. ಆಮೇಲೆ ನಾನು ಮೀನುಗಾರಿಕೆ ಇಲಾಖೆಯವರ ತರಬೇತಿಗೆ ಕುಳಿತೆ, ಹೊಂಡ ಇರುವವರ ಹೊಲಗಳಿಗೆ ಹೋಗಿ ನೋಡಿದೆ. ಅದನ್ನೇ ಇಲ್ಲಿ ನಿಮಗೆ ಹೇಳುತ್ತಿದ್ದೇನೆ.

ಮೊದಲು ನೀರು ಅಳೆಯಿರಿ

ಹೊಂಡ ಮೇಲಿನಿಂದ ಕೆಳಕ್ಕೆ ಇಳಿಜಾರಾಗಿ ಇರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವನ್ನು ತೆಗೆದುಕೊಳ್ಳಿ. ಬದಿಗಳು ಮೀಟರ್ ಆಳಕ್ಕೆ ಮೀಟರ್‌ನಂತೆ ಒಳಗೆ ಸರಿದಿದ್ದರೆ ತಳದಲ್ಲಿ ಅದು 15 ಮೀಟರ್ ಮಾತ್ರ. ಪೂರ್ತಿ ತುಂಬಿದಾಗ ಅದರಲ್ಲಿ ಸುಮಾರು ಒಂಬತ್ತು ಲಕ್ಷ ಎಂಬತ್ತು ಸಾವಿರ ಲೀಟರ್ ನೀರು ಹಿಡಿಯುತ್ತದೆ. ಅದೇ ಒಂದು ಮೀಟರ್‌ಗೆ ಇಳಿದಾಗ ಉಳಿಯುವುದು ಎರಡೂವರೆ ಲಕ್ಷ ಲೀಟರ್ ಚಿಲ್ಲರೆ. ಕಣ್ಣಿಗೆ ಮೂರರಲ್ಲಿ ಒಂದು ಪಾಲು ಉಳಿದಂತೆ ಕಂಡರೂ ನಿಜವಾಗಿ ಉಳಿದದ್ದು ಕಾಲು ಭಾಗ. ಆಗಸ್ಟ್‌ನಲ್ಲಿ ಆರಾಮಾಗಿ ಇದ್ದ ಮೀನು ಮಾರ್ಚ್‌ನಲ್ಲಿ ಆ ಕಾಲು ಭಾಗದಲ್ಲೇ ಉಸಿರಾಡಬೇಕು. ಮೇಲಾಗಿ ಈಗ ಅದರ ಮೈ ಮೂವತ್ತು ನಲವತ್ತು ಪಟ್ಟು ಬೆಳೆದಿರುತ್ತದೆ.

ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ನೀರನ್ನು ಬಿಸಿಲೇ ಕುಡಿಯುತ್ತದೆ. ಬೆಳೆಗೆ ಎತ್ತುವ ನೀರು ಬೇರೆ. ಹೊಂಡ ತೋಡಿದ್ದೇ ಬೆಳೆಗಾಗಿ, ಮೀನಿಗಾಗಿ ಅಲ್ಲ. ಕಡಲೆ ಒಣಗುವಾಗ “ಮೀನು ಅದಾವು, ನೀರು ಎತ್ತಬ್ಯಾಡ್ರಿ” ಎಂದು ಮನೆಯ ಗಂಡಸರಿಗೆ ಹೇಳಿದರೆ ಯಾರು ಕೇಳುತ್ತಾರೆ? ಕೇಳಬಾರದು ಕೂಡ. ಆದ್ದರಿಂದ ಮೀನು ಬಿಡುವ ಮೊದಲೇ ಮನೆಯಲ್ಲಿ ಕುಳಿತು ಎಷ್ಟು ಸಲ ನೀರು ಎತ್ತುತ್ತೀರಿ, ಎಲ್ಲಿಯ ತನಕ ಇಳಿಸುತ್ತೀರಿ ಎಂದು ಮಾತಾಡಿಕೊಳ್ಳಬೇಕು. ಗೆಂಡೆ ಜಾತಿಯ ಮೀನಿಗೆ ನಾಲ್ಕೈದು ಅಡಿ ನೀರು ಬೇಕು. ಮೂರು ಅಡಿಗಿಂತ ಕೆಳಗೆ ಇಳಿದರೆ ಬಿಸಿಲಿಗೆ ನೀರು ಕಾಯುತ್ತದೆ, ಕೊಕ್ಕರೆ ಬೆಳ್ಳಕ್ಕಿಗಳಿಗೂ ಹಬ್ಬ.

ಹೀಗಾಗಿ ನಮ್ಮ ಜಿಲ್ಲೆಯ ಹೊಂಡಗಳನ್ನು ನಾನು ಎರಡು ತರಹ ಮಾಡಿ ನೋಡುತ್ತೇನೆ: ಆರೇಳು ತಿಂಗಳ ಹೊಂಡ ಮತ್ತು ಹತ್ತು ತಿಂಗಳು ದಾಟುವ ಹೊಂಡ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಹೊಲಗಳಲ್ಲಿ ಮಳೆ ನೀರನ್ನೇ ನಂಬಿದ ಹೊಂಡಗಳು ಹೆಚ್ಚಾಗಿ ಮೊದಲನೆಯ ತರಹದವು. ಮಲಪ್ರಭಾ ಕಾಲುವೆ ನೀರು ಮುಟ್ಟುವ ಕಡೆ, ಮತ್ತು ಮಳೆ ಹೆಚ್ಚಿರುವ ಕಲಘಟಗಿ ಕಡೆ ಕೆಲವು ಎರಡನೆಯ ತರಹದವು ಸಿಗುತ್ತವೆ.

ಯಾವ ಮೀನು ಎಲ್ಲಿ ಮೇಯುತ್ತದೆ

ಒಂದೇ ಹಿತ್ತಲಿನಲ್ಲಿ ಆಡು ಸೊಪ್ಪು ತಿನ್ನುತ್ತದೆ, ಕೋಳಿ ನೆಲ ಕೆದರುತ್ತದೆ, ಒಂದರ ಊಟಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲ. ಮೀನುಗಳೂ ಹಾಗೆಯೇ.

ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ. ದೊಡ್ಡ ತಲೆ, ಬಾಯಿ ಮೇಲಕ್ಕೆ ತೆರೆದಿರುತ್ತದೆ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದ ಸಣ್ಣ ಜೀವಿಗಳೇ ಅದರ ಊಟ. ಎಲ್ಲಕ್ಕಿಂತ ಬೇಗ ಬೆಳೆಯುವುದು ಇದೇ. ನೀರು, ತಿನಿಸು ಎರಡೂ ಸಾಕಷ್ಟು ಇದ್ದರೆ ವರ್ಷಕ್ಕೆ ಒಂದು ಕಿಲೋ ಮುಟ್ಟುತ್ತದೆ. ರೋಹು ನಡುವಿನ ನೀರಿನದು. ತಿನ್ನಲು ಬಹಳ ರುಚಿ, ಸಂತೆಯಲ್ಲಿ ಕೇಳಿ ತೆಗೆದುಕೊಳ್ಳುತ್ತಾರೆ, ಆದರೆ ಮೊದಲ ವರ್ಷ ಬೆಳವಣಿಗೆ ಕಾಟ್ಲಾದಷ್ಟು ಇಲ್ಲ. ಮೃಗಾಲ್ ತಳದಲ್ಲಿ ಮೇಯುತ್ತದೆ, ಹಿಡಿಯುವುದು ಕಷ್ಟ. ಸಾಮಾನ್ಯ ಗೆಂಡೆಯೂ ತಳದ್ದೇ. ಅದು ಕೆಸರಿನಲ್ಲಿ ಮೂತಿ ತೂರಿಸಿ ಹುಳ ಹುಪ್ಪಡಿ, ಕೊಳೆತದ್ದು, ನಾವು ಹಾಕಿದ್ದು ಎಲ್ಲ ತಿನ್ನುತ್ತದೆ. ಗಟ್ಟಿ ಮೀನು, ನೀರು ಸ್ವಲ್ಪ ಕೆಟ್ಟರೂ ತಡೆಯುತ್ತದೆ.

ಕಾಟ್ಲಾ, ರೋಹು, ಮೃಗಾಲ್ ಮೂರೂ ಉತ್ತರದ ಗಂಗಾ ನದಿ ಕಡೆಯವು. ಹರಿಯುವ ನೀರಿನಲ್ಲಿ ಮೊಟ್ಟೆ ಇಡುವ ಜಾತಿಗಳು, ನಿಂತ ಹೊಂಡದಲ್ಲಿ ಮರಿ ಹಾಕುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ಕೊಟ್ಟು ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಮರಿಗಳು ನಮ್ಮಂಥವರ ಕೈಗೆ ಬಂದದ್ದು. ಇಂದಿಗೂ ಆ ದಿನವನ್ನು ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಇದನ್ನು ಯಾಕೆ ಹೇಳುತ್ತೇನೆಂದರೆ, “ಈ ವರ್ಷ ಬಿಟ್ರ ಮುಂದ ತಾವ ಹೆಚ್ಚಾಗ್ತಾವು” ಎಂದು ಯಾರಾದರೂ ಕಾಟ್ಲಾ ಮರಿ ಮಾರಲು ಬಂದರೆ ಅವನ ಮಾತು ಸುಳ್ಳು. ನೀವು ಇಪ್ಪತ್ತು ಬಿಟ್ಟರೆ ಇಪ್ಪತ್ತೇ, ಅದರಲ್ಲಿ ಸತ್ತದ್ದು ಬಿಟ್ಟು.

ಸಾಮಾನ್ಯ ಗೆಂಡೆ ಮಾತ್ರ ನಿಂತ ನೀರಿನಲ್ಲೂ ಮೊಟ್ಟೆ ಇಡುತ್ತದೆ. ಅದು ಲಾಭ ಅಂತ ತಿಳಿಯಬೇಡಿ. ಹಳೆಯ ತಳಿ ಸಣ್ಣದಿದ್ದಾಗಲೇ ಗಬ್ಬಾಗಿ, ತಿಂದದ್ದೆಲ್ಲ ಮೊಟ್ಟೆಗೆ ಹೋಗಿ ಮೈ ಬೆಳೆಯುವುದಿಲ್ಲ. ಇದಕ್ಕಾಗಿಯೇ ಹಂಗೇರಿ ದೇಶದ ಅಮೂರ್ ಎಂಬ ತಳಿಯನ್ನು ತರಿಸಿ ಬೆಂಗಳೂರು ಹತ್ತಿರದ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿ ನೋಡಿದರು. ಅದು ತಡವಾಗಿ ಮೊಟ್ಟೆಗೆ ಬರುತ್ತದೆ, ಬೇಗ ತೂಗುತ್ತದೆ. ಮರಿ ಕೇಳುವಾಗ “ಅಮೂರ್ ಐತೇನ್ರಿ?” ಎಂದು ಕೇಳಿ. ರೋಹುವಿನಲ್ಲಿ ಜಯಂತಿ ಎಂಬ ಸುಧಾರಿತ ತಳಿ ಇದೆ, 1997ರಲ್ಲಿ ಭುವನೇಶ್ವರದ ಕೇಂದ್ರದಿಂದ ಬಂದದ್ದು. ಸಿಕ್ಕರೆ ಅದನ್ನೇ ತನ್ನಿ.

ಇಷ್ಟು ತಿಳಿದ ಮೇಲೆ ಆಯ್ಕೆ ಕಷ್ಟವಲ್ಲ. ಹತ್ತು ತಿಂಗಳು ದಾಟುವ ಹೊಂಡಕ್ಕೆ ನೂರರಲ್ಲಿ ನಲವತ್ತು ಕಾಟ್ಲಾ, ಮೂವತ್ತು ರೋಹು, ಮೂವತ್ತು ಸಾಮಾನ್ಯ ಗೆಂಡೆ. ಗೆಂಡೆ ಸಿಗದಿದ್ದರೆ ಆ ಜಾಗಕ್ಕೆ ಮೃಗಾಲ್. ಆರೇಳು ತಿಂಗಳ ಹೊಂಡಕ್ಕೆ ರೋಹು, ಮೃಗಾಲ್ ಬಿಟ್ಟುಬಿಡಿ, ಅವು ಬೆಳೆಯುವಷ್ಟರಲ್ಲಿ ನಿಮ್ಮ ನೀರು ಮುಗಿದಿರುತ್ತದೆ. ಅರ್ಧ ಕಾಟ್ಲಾ, ಅರ್ಧ ಸಾಮಾನ್ಯ ಗೆಂಡೆ ಸಾಕು, ಅದೂ ದೊಡ್ಡ ಮರಿ. ಮೂರು ನಾಲ್ಕು ತಿಂಗಳು ಮಾತ್ರ ನೀರು ನಿಲ್ಲುವ ಹೊಂಡಕ್ಕೆ ಯಾವ ಮೀನೂ ಬೇಡ. ಕೇಳಲು ಬೇಸರವಾದರೂ ಇದನ್ನು ಹೇಳಲೇಬೇಕು.

ಹುಲ್ಲುಗೆಂಡೆ ಎಂಬ ಇನ್ನೊಂದು ಮೀನಿದೆ. ಎಮ್ಮೆಯಂತೆ ಹಸಿ ಹುಲ್ಲು ತಿನ್ನುತ್ತದೆ. ಹೊಂಡದಲ್ಲಿ ಜೊಂಡು ಪಾಚಿ ಬೆಳೆದಿದ್ದರೆ, ಇಲ್ಲವೇ ಬದುವಿನ ಮೇಲೆ ನೇಪಿಯರ್ ಹುಲ್ಲು ಇದ್ದರೆ ನೂರಕ್ಕೆ ಐದಾರು ಬಿಡಬಹುದು. ಅದರ ಸಗಣಿಯೇ ಉಳಿದ ಮೀನಿಗೆ ಗೊಬ್ಬರ. ಕಲಘಟಗಿ ಕಡೆಯ ಅಕ್ಕಂದಿರು ಮಾತ್ರ ಎಚ್ಚರ ಇರಲಿ: ಹೊಂಡ ತುಂಬಿ ಹರಿದು ಹುಲ್ಲುಗೆಂಡೆ ಭತ್ತದ ಗದ್ದೆಗೆ ಇಳಿದರೆ ಭತ್ತದ ಸಸಿಯೂ ಅದಕ್ಕೆ ಹುಲ್ಲೇ. ಬೆಳ್ಳಿಗೆಂಡೆ ಬೇಗ ಬೆಳೆಯುತ್ತದೆ ನಿಜ, ಆದರೆ ಕಾಟ್ಲಾದ ಊಟಕ್ಕೇ ಪೈಪೋಟಿ ಮಾಡುತ್ತದೆ. ನೀರಿನಿಂದ ಎತ್ತಿದ ಕೂಡಲೇ ಸಾಯುತ್ತದೆ, ಬೇಗ ಕೆಡುತ್ತದೆ. ಹುಬ್ಬಳ್ಳಿ ಮಾರುಕಟ್ಟೆ ಮುಟ್ಟುವಷ್ಟರಲ್ಲಿ ಅದರ ಬೆಲೆ ಇಳಿದಿರುತ್ತದೆ. ನಮಗೆ ಬೇಡ.

ಎರೆ ಹೊಂಡ, ಪ್ಲಾಸ್ಟಿಕ್ ಹೊಂಡ

ಎರೆ ಮಣ್ಣಿಗೆ ಪ್ಲಾಸ್ಟಿಕ್ ಬೇಕಿಲ್ಲ, ಅದೇ ನೀರು ಹಿಡಿಯುತ್ತದೆ. ಆದರೆ ಅದರ ನೀರು ಚಹಾದ ಬಣ್ಣಕ್ಕೆ ತಿರುಗಿ ತಿಂಗಳುಗಟ್ಟಲೆ ತಿಳಿಯಾಗುವುದಿಲ್ಲ. ಬಿಸಿಲು ಒಳಗೆ ಇಳಿಯದಿದ್ದರೆ ಕಾಟ್ಲಾ ತಿನ್ನುವ ಸಣ್ಣ ಜೀವಿಗಳು ಹುಟ್ಟುವುದಿಲ್ಲ. ಕೈಯನ್ನು ಮೊಣಕೈ ತನಕ ನೀರಿನಲ್ಲಿ ಮುಳುಗಿಸಿ ಅಂಗೈ ನೋಡಿ. ನೀರು ತೆಳುಹಸಿರಾಗಿ, ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ಚಲೋ ನೀರು. ಅಂಗೈ ಸ್ಪಷ್ಟ ಕಂಡರೆ ನೀರಿನಲ್ಲಿ ಊಟವಿಲ್ಲ, ಹೆಂಡಿ ಗೊಬ್ಬರ ಬೇಕು. ಹಸಿರಲ್ಲದೆ ಕಂದು ಬಣ್ಣಕ್ಕೆ ಅಂಗೈ ಮುಚ್ಚಿಹೋದರೆ ಅದು ಬರೀ ಮಣ್ಣು. ಅಂಥಲ್ಲಿ ಕಾಟ್ಲಾ ಕಡಿಮೆ ಮಾಡಿ ನೂರಕ್ಕೆ ಮೂವತ್ತಕ್ಕೆ ಇಳಿಸಿ, ಗೆಂಡೆ ಹೆಚ್ಚು ಮಾಡಿ. ಗೆಂಡೆ ತಳ ಕೆದರಿ ಇನ್ನಷ್ಟು ರಾಡಿ ಮಾಡುತ್ತದೆ ಎಂಬುದೂ ನಿಜ, ಆದರೆ ಅದು ಆ ರಾಡಿಯಲ್ಲೇ ಬದುಕುತ್ತದೆ.

ಕಲಘಟಗಿಯ ಕೆಂಪು ಮಸಾರಿ ಮಣ್ಣಿನಲ್ಲಿ ಪ್ಲಾಸ್ಟಿಕ್ ಹಾಸಿದ ಹೊಂಡಗಳು ಹೆಚ್ಚು. ಅಲ್ಲಿ ತಳದಲ್ಲಿ ಕೆಸರೇ ಇಲ್ಲ. ಮೃಗಾಲ್, ಗೆಂಡೆಗಳಿಗೆ ಕೆದರಲು ಏನಿದೆ? ತಳದಲ್ಲಿ ಅರ್ಧ ಅಡಿ ಮಣ್ಣು ಹರಡಿ, ಇಲ್ಲದಿದ್ದರೆ ತಳದ ಮೀನು ಕಡಿಮೆ ಮಾಡಿ ಕಾಟ್ಲಾ, ರೋಹು ಹೆಚ್ಚು ಬಿಡಿ, ಮತ್ತು ಕೈಯಿಂದ ತಿನಿಸು ಹಾಕಲು ತಯಾರಿರಿ. ಕೆಂಪು ಮಣ್ಣಿನ ಹುಳಿ ನೀರಿಗೆ ಗುಂಟೆಗೆ ಎರಡು ಕಿಲೋದಷ್ಟು ಸುಣ್ಣ ಬೇಕಾಗಬಹುದು. ಎರೆ ಹೊಂಡಕ್ಕೆ ಸಾಮಾನ್ಯವಾಗಿ ಸುಣ್ಣ ಬೇಕಾಗುವುದಿಲ್ಲ.

ಹೆಂಡಿ ಗೊಬ್ಬರ ಗುಂಟೆಗೆ ಮೊದಲು ಇಪ್ಪತ್ತು ಕಿಲೋ, ಆಮೇಲೆ ತಿಂಗಳಿಗೆ ಹತ್ತು ಕಿಲೋ ಸಾಕು. ಆದರೆ ಅದೇ ಹೊಂಡದ ನೀರನ್ನು ಅಡಿಗೆಗೋ ಕುಡಿಯಲಿಕ್ಕೋ ತರುವ ಮನೆಗಳಿದ್ದರೆ ಹೆಂಡಿಯನ್ನಾಗಲಿ ಕೋಳಿ ಗೊಬ್ಬರವನ್ನಾಗಲಿ ಹಾಕಬೇಡಿ. ನವಲಗುಂದ, ಅಣ್ಣಿಗೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್ ಹಾಕಿದರೆ ಸವಳು ನೀರು ಬರುವ ಊರುಗಳಲ್ಲಿ ಕೆರೆಯ ನೀರು ಕುಡಿದು ಬೆಳೆದವರು ನೀವು. ಕುಡಿಯುವ ನೀರು ಮತ್ತು ಮೀನು ಒಂದೇ ಹೊಂಡದಲ್ಲಿ ಬೇಡ ಎಂಬುದೇ ನನ್ನ ಅಭಿಪ್ರಾಯ.

ಮನೆಯ ಹಿಂದೆ ಹತ್ತು ಅಡಿಯ ಸಿಮೆಂಟ್ ತೊಟ್ಟಿ ಅಥವಾ ಸಣ್ಣ ಗುಂಡಿ ಮಾತ್ರ ಇದೆ ಎನ್ನುವವರೂ ಕೇಳುತ್ತಾರೆ. ಅದರಲ್ಲಿ ಗೆಂಡೆ ಬೆಳೆಸುವ ಆಸೆ ಬಿಡಿ. ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನನ್ನು ಆರೋಗ್ಯ ಇಲಾಖೆಯವರ ಹತ್ತಿರ ಕೇಳಿ ತಂದು ಬಿಡಿ. ದುಡ್ಡು ಬರುವುದಿಲ್ಲ, ಮನೆಯಲ್ಲಿ ಡೆಂಗಿ, ಮಲೇರಿಯಾ ಭಯ ಅಷ್ಟು ಕಡಿಮೆ.

ಬಿಡಲೇಬಾರದ ಮೀನು

ಒಬ್ಬ ಏಜೆಂಟ್ ಬಂದು “ಇದು ಹೈಬ್ರಿಡ್ ಮಾಗೂರ್, ಕೋಳಿ ಅಂಗಡಿ ತ್ಯಾಜ್ಯ ಹಾಕಿದ್ರ ಸಾಕು, ಆರು ತಿಂಗಳಿಗೆ ಒಂದು ಕಿಲೋ” ಎಂದರೆ ಅವನನ್ನು ಚಹಾ ಕುಡಿಸಿ ಕಳಿಸಿಬಿಡಿ. ಅದು ಆಫ್ರಿಕನ್ ಕ್ಯಾಟ್‌ಫಿಶ್. ಹುರುಪೆ ಇಲ್ಲದ ಕರಿ ಮೈ, ಚಪ್ಪಟೆ ತಲೆ, ಬಾಯಿ ಸುತ್ತ ನಾಲ್ಕು ಜೊತೆ ಮೀಸೆ. ಕೇಂದ್ರ ಸರಕಾರ 2000ದಲ್ಲಿಯೇ ಇದರ ಸಾಕಣೆಯನ್ನು ನಿಷೇಧಿಸಿದೆ. ಕಾರಣವಿದೆ. ಅದು ಸಿಕ್ಕ ಮೀನು, ಕಪ್ಪೆ ಎಲ್ಲವನ್ನೂ ನುಂಗುತ್ತದೆ, ನೀರಿನಿಂದ ಹೊರಗೆ ಬಂದರೂ ಉಸಿರಾಡುತ್ತದೆ, ಮಳೆಗಾಲದಲ್ಲಿ ಹಸಿ ನೆಲದ ಮೇಲೆ ತೆವಳಿ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿ ಹಳ್ಳ ಉಕ್ಕಿ ಹೊಲಗಳ ಮೇಲೆ ಹರಿದದ್ದು ನಿಮಗೆಲ್ಲ ನೆನಪಿದೆ. ಅಂಥ ನೀರಿಗೆ ಹೊಂಡ ಒಡೆದರೆ ಆ ಮೀನು ಬೆಣ್ಣಿಹಳ್ಳದಿಂದ ಮಲಪ್ರಭಾ ಹೊಳೆಗೇ ಹೋಗುತ್ತದೆ. ಅಲ್ಲಿ ಬಲೆ ಬೀಸಿ ಬದುಕುವ ಅಂಬಿಗರ ಮನೆಗಳಿವೆ.

ಎರಡನೆಯದು ತಿಲಾಪಿಯಾ. ಕೆಲವರು ಜಿಲೇಬಿ ಮೀನು ಎನ್ನುತ್ತಾರೆ. 1952ರಲ್ಲಿ ಭಾರತಕ್ಕೆ ಬಂದ ಹಳೆಯ ಜಾತಿ ಎರಡು ಮೂರು ತಿಂಗಳಿಗೇ ಮರಿ ಹಾಕಲು ಶುರು ಮಾಡಿ ಹೊಂಡದ ತುಂಬ ಬೆರಳುದ್ದದ ಮೀನೇ ಆಗುತ್ತದೆ. ಒಮ್ಮೆ ಹೊಕ್ಕರೆ ಹೊಂಡ ಒಣಗಿಸದೆ ಹೋಗುವುದಿಲ್ಲ. ಗಿಫ್ಟ್ ಎಂಬ ಸುಧಾರಿತ ತಿಲಾಪಿಯಾ ಬೇರೆ, ಅದನ್ನು ಸಾಕಲು ಇಲಾಖೆಯ ಅನುಮತಿ ಬೇಕು, ನಿಯಮಗಳಿವೆ. ಸಂಘದ ಹೆಣ್ಣುಮಕ್ಕಳು ಮೊದಲ ಹೊಂಡದಲ್ಲೇ ಅದಕ್ಕೆ ಕೈ ಹಾಕುವುದು ಬೇಡ.

ಮೂರನೆಯದನ್ನು ನೀವು ಬಿಡುವುದಿಲ್ಲ, ತಾನೇ ಬರುತ್ತದೆ. ಹಳ್ಳದ ನೀರು, ಕಾಲುವೆ ನೀರು ಹೊಂಡಕ್ಕೆ ಬಿಡುವಾಗ ಹಾವಿನ ತಲೆಯ ಬೇಟೆ ಮೀನಿನ ಮರಿಗಳು ಒಳಗೆ ನುಸುಳುತ್ತವೆ. ತಿನ್ನಲು ಚಲೋ ಮೀನೇ, ಆದರೆ ನೀವು ದುಡ್ಡು ಕೊಟ್ಟು ತಂದ ಮರಿಗಳನ್ನು ಅದು ನುಂಗುತ್ತದೆ. ನೀರು ಬರುವ ಬಾಯಿಗೆ ಸೊಳ್ಳೆ ಪರದೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ. ಪಂಪಿನ ಫುಟ್‌ವಾಲ್ವ್‌ಗೂ ಜಾಳಿಗೆ ಸುತ್ತಿ. ಇಲ್ಲದಿದ್ದರೆ ಮರಿಗಳು ನೀರಿನ ಜೊತೆ ಕಡಲೆ ಹೊಲಕ್ಕೆ ಹೋಗುತ್ತವೆ. ಹಾಗೆ ಹೋದದ್ದನ್ನು ನಾನೇ ನೋಡಿದ್ದೇನೆ.

ಎಷ್ಟು ಮರಿ, ಎಂಥ ಮರಿ

ಇಲಾಖೆಯ ಲೆಕ್ಕ ಹೆಕ್ಟೇರಿಗೆ ಐದು ಸಾವಿರ. ನಮ್ಮ ಲೆಕ್ಕಕ್ಕೆ ತಂದರೆ ಗುಂಟೆಗೆ ಐವತ್ತು. ದಿನಾ ತಿನಿಸು ಹಾಕುವವರು ಎಪ್ಪತ್ತರ ತನಕ ಹೋಗಬಹುದು. 21 ಮೀಟರ್ ಹೊಂಡ ಎಂದರೆ ನಾಲ್ಕೂವರೆ ಗುಂಟೆಗೆ ಸ್ವಲ್ಪ ಕಡಿಮೆ, ಮುನ್ನೂರು ಮರಿ ಸಾಕು. 15 ಮೀಟರಿನದಕ್ಕೆ ನೂರಿಪ್ಪತ್ತರಿಂದ ನೂರೈವತ್ತು. ನಾನು ಮೊದಲು ಹೇಳಿದ ಸಂಘದವರು ಅಂಥದ್ದರಲ್ಲಿ ಎರಡು ಸಾವಿರ ಬಿಟ್ಟಿದ್ದರು ಎಂಬುದನ್ನು ನೆನಪಿಸಿಕೊಳ್ಳಿ.

ಮುನ್ನೂರರಲ್ಲಿ ಇನ್ನೂರು ಉಳಿದು ಅರ್ಧ ಕಿಲೋ ಆದರೆ ನೂರು ಕಿಲೋ ಮೀನು. ಇದಕ್ಕೆ ನಿಮ್ಮ ಸಂತೆಯ ದರ ಹಾಕಿ, ಮರಿಯ ದುಡ್ಡು, ತಿನಿಸಿನ ದುಡ್ಡು, ಬಲೆಯವನ ಕೂಲಿ ಕಳೆಯಿರಿ. ಒಂದು ಕಿಲೋ ಮೀನಿಗೆ ಹೆಚ್ಚುಕಡಿಮೆ ಎರಡು ಕಿಲೋ ತಿನಿಸು ಹಿಡಿಯಿರಿ. ಉಳಿದದ್ದು ನಿಮ್ಮದು. ಲಕ್ಷ ಲಕ್ಷ ಅಲ್ಲ. ಮಕ್ಕಳ ಸಾಲೆಯ ಖರ್ಚಿಗೆ, ಸಂಘದ ಕಂತಿಗೆ ಆಗುವಷ್ಟು, ಮತ್ತು ಮನೆಯಲ್ಲಿ ಮೀನು ತಿನ್ನುವವರಿದ್ದರೆ ಅವರ ತಟ್ಟೆಗೂ ಒಂದಿಷ್ಟು.

ಮರಿಯ ಅಳತೆಯೇ ದೊಡ್ಡ ವಿಷಯ. ಒಂದು ಇಂಚಿನ ಮರಿ ಅಗ್ಗ, ಆದರೆ ಕಪ್ಪೆ, ನೀರಹಾವು, ಮಿಂಚುಳ್ಳಿ ಹಕ್ಕಿಗೆ ಹೋಗಿ ಉಳಿಯುವುದು ಸ್ವಲ್ಪ. ನಾಲ್ಕು ಇಂಚಿನ, ಬೆರಳಿಗಿಂತ ಉದ್ದದ ಮರಿ ತುಟ್ಟಿ, ಆದರೂ ಅದನ್ನೇ ತನ್ನಿ. ಆರು ತಿಂಗಳ ಹೊಂಡಕ್ಕೆ ಐದು ಇಂಚಿನದು ಸಿಕ್ಕರೆ ಇನ್ನೂ ಚಲೋ. ನಿಮಗೆ ಇಲ್ಲದ ಎರಡು ತಿಂಗಳ ನೀರನ್ನು ನೀವು ಆ ದೊಡ್ಡ ಮರಿಯ ರೂಪದಲ್ಲಿ ಕೊಂಡಂತೆ ಆಗುತ್ತದೆ. ಕಾಟ್ಲಾ, ರೋಹು ಮರಿ ಜುಲೈಯಿಂದ ಸಪ್ಟೆಂಬರ್ ತನಕ ಹೆಚ್ಚು ಸಿಗುತ್ತವೆ. ಜೂನ್‌ನಲ್ಲೇ ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಹೆಸರು ಬರೆಸಿ. ರಸ್ತೆಯಲ್ಲಿ ಬಂದ ವ್ಯಾನಿನಿಂದ ಕೊಳ್ಳುವುದೇ ಆದರೆ ಒಂದು ಚೀಲ ಬಿಚ್ಚಿ ಬುಟ್ಟಿಯಲ್ಲಿ ಹಾಕಿ, ಚಹಾ ಸೋಸುವ ಜಾಳಿಗೆಯಿಂದ ಎತ್ತಿ ಎಣಿಸಿ. ಮೀಸೆ ಇರುವ, ಹುರುಪೆ ಇಲ್ಲದ ಮರಿ ಒಂದು ಕಂಡರೂ ಚೀಲ ವಾಪಸ್ ಕೊಡಿ. ಸಾಮಾನ್ಯ ಗೆಂಡೆಗೂ ಸಣ್ಣ ಮೀಸೆ ಇರುತ್ತದೆ, ಆದರೆ ಅದರ ಮೈ ಮೇಲೆ ಹುರುಪೆ ಇರುತ್ತದೆ, ಗಾಬರಿಯಾಗಬೇಡಿ.

ತಂದ ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಿಬಿಡಿ. ಆಮೇಲೆ ಸ್ವಲ್ಪ ಸ್ವಲ್ಪ ಹೊಂಡದ ನೀರು ಸೇರಿಸಿ ಮರಿ ತಾವಾಗಿ ಹೊರಗೆ ಹೋಗಲು ಬಿಡಿ. ಮುಂಜಾನೆ ಇಲ್ಲವೆ ಸಂಜೆ ಮಾಡಿ, ಉರಿ ಬಿಸಿಲಿನಲ್ಲಿ ಬೇಡ.

ತಿನಿಸು ಸರಳ. ಶೇಂಗಾ ಹಿಂಡಿ, ಅಕ್ಕಿ ತೌಡು ಸಮಸಮ ನೆನೆಸಿ ಉಂಡೆ ಮಾಡಿ ದಿನಾ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಹಾಕಿ. ಹೊಂಡದಲ್ಲಿರುವ ಮೀನಿನ ಒಟ್ಟು ತೂಕ ನೂರು ಕಿಲೋ ಇದ್ದರೆ ದಿನಕ್ಕೆ ಎರಡರಿಂದ ಮೂರು ಕಿಲೋ. ಮೋಡ ಕವಿದ ದಿನ ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ಹಸಿವೆಯಲ್ಲ, ಉಸಿರು ಕಟ್ಟಿದ್ದು. ಅಂದು ತಿನಿಸು ಬಂದ್ ಮಾಡಿ, ಪಂಪ್ ಹಚ್ಚಿ ಅದೇ ಹೊಂಡದ ನೀರನ್ನು ಎತ್ತರದಿಂದ ಅದರೊಳಗೇ ಬೀಳಿಸಿ.

ಹತ್ತಿ, ಮೆಣಸಿನಕಾಯಿ ಬೆಳೆಯುವವರಿಗೆ

ಕುಂದಗೋಳ, ಅಣ್ಣಿಗೇರಿಯವರು ಈ ಮಾತನ್ನು ಮನೆಯ ಗಂಡಸರಿಗೂ ಓದಿ ಹೇಳಿ. ಹತ್ತಿಗೆ, ಮೆಣಸಿನ ಗಿಡಕ್ಕೆ ಹೊಡೆಯುವ ಕೀಟನಾಶಕಗಳಲ್ಲಿ ಹಲವು ಮೀನಿಗೆ ಬಹಳ ಸೂಕ್ಷ್ಮ ವಿಷ. ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಔಷಧವಂತೂ ಹನಿ ಹನಿಯೇ ಸಾಕು. ಒಬ್ಬ ತಂಗಿಯ ಹೊಂಡದಲ್ಲಿ ಏಳು ತಿಂಗಳ ಮೀನು ಒಂದೇ ರಾತ್ರಿಯಲ್ಲಿ ಹೊಟ್ಟೆ ಮೇಲೆ ಮಾಡಿ ತೇಲಿದವು. ವಿಚಾರಿಸಿದರೆ, ಬಾಜೂ ಹೊಲದವರು ಸಂಜೆ ಔಷಧ ಹೊಡೆದು ಪಂಪನ್ನು ಅದರಲ್ಲೇ ತೊಳೆದಿದ್ದರು. ಜಗಳ ಮಾಡಿದರೆ ಮೀನು ಬರುತ್ತವೆಯೇ? ಅವರಿಗೆ ಗೊತ್ತೇ ಇರಲಿಲ್ಲ. ಮೀನು ಬಿಟ್ಟ ದಿನವೇ ಸುತ್ತಲಿನ ಹೊಲದವರಿಗೆ ತಿಳಿಸಿ. ಔಷಧ ಹೊಡೆದ ಮೇಲೆ ಬರುವ ಮೊದಲ ಮಳೆಯ ನೀರು ಹೊಂಡಕ್ಕೆ ಇಳಿಯದಂತೆ ಒಡ್ಡು ತಿರುಗಿಸಿ. ನಿಮ್ಮ ಹೊಂಡ ಹತ್ತಿ ಹೊಲದ ತಗ್ಗಿನಲ್ಲೇ ಇದ್ದು ನೀರು ತಿರುಗಿಸಲು ದಾರಿಯೇ ಇಲ್ಲವೆಂದರೆ ಅಲ್ಲಿ ಯಾವ ಗಟ್ಟಿ ಮೀನು ಬಿಟ್ಟರೂ ಉಪಯೋಗವಿಲ್ಲ.

ಮಾರಾಟ ಮತ್ತು ಸಹಾಯಧನ

ಮೀನು ಹಿಡಿಯುವ ದಿನವನ್ನು ಬಿಡುವ ದಿನವೇ ಯೋಚಿಸಿ. ಶ್ರಾವಣದಲ್ಲಿ ನಮ್ಮ ಕಡೆ ಮೀನು ಮಾಂಸ ಕೊಳ್ಳುವವರು ಕಡಿಮೆ. ಆರು ತಿಂಗಳ ಹೊಂಡದವರಿಗೆ ಇದರ ತೊಂದರೆ ಇಲ್ಲ, ಅವರ ಮೀನು ಜನವರಿ ಫೆಬ್ರವರಿಗೆ ಬರುತ್ತದೆ. ಒಂದೇ ದಿನ ಎಲ್ಲ ಹಿಡಿಯದೆ ದೊಡ್ಡವನ್ನು ಮೊದಲು ಹಿಡಿದು ಊರಲ್ಲೇ ಜೀವಂತ ಮಾರಿದರೆ ದರ ಚಲೋ ಸಿಗುತ್ತದೆ. ನಮ್ಮ ಸಂಘಗಳಲ್ಲಿ ಮೀನು ಮುಟ್ಟದ ಮನೆಯವರೂ ಇದ್ದಾರೆ. ಅಂಥ ಒಬ್ಬ ಸದಸ್ಯೆ ಲೆಕ್ಕ ಬರೆಯುವ ಕೆಲಸ ಹಿಡಿದಳು, ಬಲೆ ಎಳೆಯುವುದು, ಮಾರುವುದು ಉಳಿದವರ ಪಾಲಿಗೆ ಬಂತು. ಮೊದಲೇ ಮಾತಾಡಿದ್ದರಿಂದ ಯಾರಿಗೂ ಮನಸ್ಸಿಗೆ ಕಷ್ಟವಾಗಲಿಲ್ಲ.

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ನಿಯಮದಲ್ಲಿ ಮಹಿಳೆಯರಿಗೆ ಘಟಕ ವೆಚ್ಚದ ಶೇಕಡಾ 60ರ ತನಕ ಸಹಾಯಧನ ಇಟ್ಟಿದ್ದರು, ಸಾಮಾನ್ಯ ವರ್ಗಕ್ಕೆ ಶೇಕಡಾ 40. ಮೀನು ಸಾಕಣೆಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವನ್ನು ಸ್ವಸಹಾಯ ಸಂಘಗಳೂ ಕೇಳಬಹುದು. ಆದರೆ ಸಹಾಯಧನ ಬಂದೇ ಬರುತ್ತದೆ ಎಂದು ನಂಬಿ ಮೊದಲೇ ಸಾಲ ಮಾಡಬೇಡಿ. ಈ ವರ್ಷ ನಿಮ್ಮ ತಾಲೂಕಿಗೆ ಯಾವುದು ಇದೆ ಎಂದು ಕಚೇರಿಯಲ್ಲಿ ಕೇಳಿ, ಮಂಜೂರಾತಿ ಪತ್ರ ಕೈಗೆ ಬಂದ ಮೇಲೆ ಕೆಲಸ ಹಿಡಿಯಿರಿ.

ಇನ್ನೊಂದು ಮಾತು ಮೀನಿನದಲ್ಲ, ಮಕ್ಕಳದು. ಹೊಂಡದಲ್ಲಿ ಬಿದ್ದು ಮಕ್ಕಳು ಹೋದ ಸುದ್ದಿ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ಲಾಸ್ಟಿಕ್ ಹಾಸಿದ ಬದಿ ಒದ್ದೆಯಾದರೆ ಸೋಪಿನಂತೆ ಜಾರುತ್ತದೆ, ಈಜು ಬರುವ ದೊಡ್ಡವರಿಗೂ ಮೇಲೆ ಹತ್ತಲು ಆಗುವುದಿಲ್ಲ. ಮೀನು ಬಿಟ್ಟ ಮೇಲೆ ಮಕ್ಕಳು ನೋಡಲು ಬಂದೇ ಬರುತ್ತಾರೆ. ಸುತ್ತ ತಂತಿ ಬೇಲಿ ಇಲ್ಲವೇ ಗಟ್ಟಿ ಮುಳ್ಳಿನ ಬೇಲಿ ಹಾಕಿ, ಬಾಗಿಲಿಗೆ ಕೀಲಿ ಹಾಕಿ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಒಂದು ಹಳೆಯ ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿಸಿ ಕಟ್ಟಿಡಿ. ಬೇಲಿಗೆ ದುಡ್ಡಿಲ್ಲದಿದ್ದರೆ ಆ ವರ್ಷ ಮರಿಗೂ ದುಡ್ಡು ಹಾಕಬೇಡಿ.

ಕುಂದಗೋಳದ ಆ ಅಕ್ಕ ಅಂದು ಮೀನು ಬಿಡಲಿಲ್ಲ. ನನ್ನ ಮೇಲೆ ಸ್ವಲ್ಪ ಸಿಟ್ಟೂ ಆಗಿತ್ತು. ಆದರೆ ಒಂದು ಬಿದಿರಿಗೆ ಅಡಿ ಅಡಿಗೆ ಬಣ್ಣ ಹಚ್ಚಿ ಹೊಂಡದ ನಡುವೆ ನಿಲ್ಲಿಸಿದಳು. ಪ್ರತಿ ಅಮಾವಾಸ್ಯೆಗೆ ಆಕೆಯ ಮಗಳು ನೋಡಿ ಬಂದು ಸಂಘದ ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿದ್ದಾಳೆ. ಸಪ್ಟೆಂಬರ್‌ನಲ್ಲಿ ಒಂಬತ್ತು ಅಡಿ, ದೀಪಾವಳಿಗೆ ಎಂಟು, ಕಡಲೆಗೆ ನೀರು ಎತ್ತಿದ ಮೇಲೆ ಆರು, ಫೆಬ್ರವರಿಯಲ್ಲಿ ನಾಲ್ಕು, ಯುಗಾದಿಗೆ ಎರಡು. ಜುಲೈಯಿಂದ ಫೆಬ್ರವರಿ ತನಕ ಏಳು ತಿಂಗಳ ನೀರು. ಈ ಸಲ ಆಕೆ ಇಲಾಖೆಯ ಕಚೇರಿಯಲ್ಲಿ ನೂರಿಪ್ಪತ್ತು ಮರಿಗೆ ಹೆಸರು ಬರೆಸಿ ಬಂದಿದ್ದಾಳೆ, ಅರವತ್ತು ಕಾಟ್ಲಾ, ಅರವತ್ತು ಅಮೂರ್ ಗೆಂಡೆ, ಐದು ಇಂಚಿನವು. ಬೇಲಿಯ ತಂತಿ ಬಂದಿದೆ, ಕಂಬ ನಡುವುದು ಬಾಕಿ ಇದೆ.